ನಡುಮುಳ್ಳು

ಲ್ಯಾಪ್‌ಟಾಪು ಬಂದದ್ದು ಮೀನಿನ ಚೀಲದಲ್ಲಿ.
ಮೊದಲು ವಾಸನೆ ಬಂತು, ಆಮೇಲೆ ಜಲಜಾಕ್ಷಿ ಕರ್ಕೇರ,
ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನೆದುರು ನನ್ನ ಅಂಗಡಿಯ
ಹತ್ತೊಂಬತ್ತು ಮೆಟ್ಟಿಲಿಗೂ ಒಂದೊಂದು ಬೈಗುಳ ಇಟ್ಟು.

"ಸತ್ತಿಲ್ಲ ಮಾರಾಯ್ರೆ. ಸತ್ತಿದ್ದರೆ ಹೊಸತು ನೋಡ್ತಿದ್ದೆ.
ಒಂದು ಅಕ್ಷರ ಒತ್ತಿದರೆ ಅದು ಮೂಡುವಷ್ಟರಲ್ಲಿ
ದಕ್ಕೆಯಲ್ಲಿ ಒಂದು ಬುಟ್ಟಿ ಬಂಗುಡೆ
ಏಲಂ ಆಗಿ, ಐಸು ಬಿದ್ದು, ಲಾರಿ ಹತ್ತಿ ಹೋಗ್ತದೆ.
ಜೂನ್ ಒಂದಕ್ಕೆ ಬೋಟು ಕಟ್ಟುವುದು.
ಮೂರು ಬೋಟಿನ ಲೆಕ್ಕ ಉಂಟು ಇದರ ಹೊಟ್ಟೆಯಲ್ಲಿ."

ಪ್ರೊಸೆಸರಿನ ವೇಗ ನೋಡಿದೆ:
ಸೊನ್ನೆ ಬಿಂದು ಮೂರು ಒಂಬತ್ತು.
ಏರುವುದಿಲ್ಲ, ಇಳಿಯುವುದಿಲ್ಲ.
ಮೂರೂವರೆಗೆ ಓಡಬೇಕಾದ ಜೀವ
ಹೆಣದ ಹಿಂದೆ ನಡೆಯುವವರ ಹಾಗೆ
ನೆಲ ನೋಡಿಕೊಂಡು ನಡೆಯುತ್ತಿತ್ತು.

ಮೂರು ದಿನ ತಿಂದಿತು.
ವೈರಸ್ ಹುಡುಕಿದೆ. ಸಿಕ್ಕಿದ್ದು ಯಾರದೋ ಮದುವೆ ಕಾಗದ,
ಡೀಸೆಲ್ ಬಿಲ್ಲು, ಮತ್ತೆ ಡೀಸೆಲ್ ಬಿಲ್ಲು.
ಫ್ಯಾನು ಬಿಚ್ಚಿದೆ. ಒಳಗೆ ಎರಡು ಹುರುಪೆ,
ಬೆಳ್ಳಿಯ ಹಾಗೆ, ನಾಚಿಕೆಯಿಲ್ಲದೆ ಹೊಳೆಯುತ್ತಿದ್ದವು.
ಪೇಸ್ಟು ಬಳಿದೆ. ಹಳೆಯದೆಲ್ಲ ಅಳಿಸಿ ಹೊಸತು ಹಾಕಿದೆ.
ಜ್ವರವಿರಬಹುದೆಂದು ಅಂಗೈಯಿಟ್ಟೆ:
ನಲವತ್ತೆರಡು ಡಿಗ್ರಿ. ನನ್ನ ಚಾ ಇದಕ್ಕಿಂತ ಬಿಸಿ.
ಜ್ವರವಿಲ್ಲ, ಗಾಯವಿಲ್ಲ,
ಆದರೂ ಎದ್ದು ನಿಲ್ಲದು.

ಮೂರನೆಯ ಸಂಜೆ ಪೇಟೆಯ ಕರೆಂಟು ಹೋಯಿತು.
ಕತ್ತಲೆಯಲ್ಲಿ ಆ ಪರದೆಯೊಂದೇ.
ನೋಡುತ್ತಿದ್ದ ಹಾಗೆ ಅಂಕಿ ಎದ್ದಿತು:
ಒಂದು, ಎರಡು, ಮೂರು ಬಿಂದು ಎರಡು!
ತೆರೆಯದೆ ಕೂತಿದ್ದ ಫೈಲುಗಳೆಲ್ಲ
ಬಾಗಿಲು ತೆಗೆದ ಶಾಲೆಯ ಮಕ್ಕಳ ಹಾಗೆ ಹೊರಗೆ.
ನಾನು ಕೂಗಿದೆನಂತೆ. ಕೆಳಗಿನ ಝೆರಾಕ್ಸ್ ಅಂಗಡಿಯ ಹಮೀದಾಕ
"ಶಾಕ್ ಹೊಡೀತಾ?" ಅಂತ ಮೊಬೈಲ್ ಟಾರ್ಚು ಹಿಡಿದರು.

ಕರೆಂಟು ಬಂತು. ಬಂದ ಕೂಡಲೆ
ಸೊನ್ನೆ ಬಿಂದು ಮೂರು ಒಂಬತ್ತು.

ತಲೆಯೊಳಗೆ ಹುಡುಕಿದ್ದು ಬಾಲದಲ್ಲಿತ್ತು.
ಚಾರ್ಜರಿನ ತುದಿಯಲ್ಲಿ, ಹೊರಬಳೆಯ ಒಳಗೆ
ಕೂದಲೆಳೆಯಷ್ಟು ಒಂದು ಮುಳ್ಳು.
ಬಳೆ ಕರೆಂಟು ತರುತ್ತದೆ. ಮುಳ್ಳು ತರುವುದು ಬರೇ ಹೆಸರು:
ನಾನು ತೊಂಬತ್ತು ವ್ಯಾಟಿನವ, ನಿಮ್ಮ ಮನೆಯವನೇ.
ದಕ್ಕೆಯ ಉಪ್ಪುಗಾಳಿ ಆ ಮುಳ್ಳಿಗೆ
ಹಸಿರು ಕಿಲುಬು ಕಟ್ಟಿತ್ತು.
ಊಟ ಬರುತ್ತಿದೆ, ತಂದವ ಯಾರೋ ತಿಳಿಯುವುದಿಲ್ಲ.
ಅದಕ್ಕೇ ಯಂತ್ರ ಹೆದರಿ ಹೆದರಿ ತಿನ್ನುತ್ತಿತ್ತು.
ಬ್ಯಾಟರಿ ಮೂರು ದಿನವೂ ತುಂಬಿರಲೇ ಇಲ್ಲ;
ನೋಡಬೇಕಾದವ ನಾನು, ನೋಡಿರಲಿಲ್ಲ.

ಹೀಗೆ ಹೀಗೆ ಎಂದೆ. ಅವರು ನಕ್ಕು ಹೆಬ್ಬೆರಳು ಎತ್ತಿದರು.
ಹನ್ನೆರಡು ವರ್ಷ ಐಸಿನಲ್ಲಿ ಸಿಗಡಿ ಸುಲಿದ ಬೆರಳು,
ಗೆರೆಯಿಲ್ಲ, ಸುಳಿಯಿಲ್ಲ,
ಮರುವಾಯಿ ಚಿಪ್ಪಿನ ಒಳಮೈ.

"ರೇಷನ್ನಿನ ಮಿಷನಿಗೆ ನಾನು ಯಾರೂ ಅಲ್ಲ.
ಅಕ್ಕಿ ಎದುರಿಗೇ ಉಂಟು. ಹುಡುಗ ಗುರ್ತದವ.
ಒತ್ತಿ ಅಕ್ಕ ಅಂತಾನೆ. ತಲೆಗೆ ಉಜ್ಜಿ ಒತ್ತಿ. ಇನ್ನೊಮ್ಮೆ."

ಆಮೇಲೆ?

"ಆಮೇಲೆ ಎಂತ. ಎಲ್ಲ ನಿಧಾನ ಆಗ್ತದೆ."

ಹೊಸ ಚಾರ್ಜರು ಚುಚ್ಚಿದೆ. ಮೂರು ಬಿಂದು ನಾಲ್ಕು.
ಖುಷಿಪಡಲೂ ನಿಲ್ಲದೆ ಅಲ್ಲೇ ಕೂತು ಕೂಡಿಸಿದರು,
ಒಂದು ಬೋಟಿನ ಧಣಿಗೆ ಅಲ್ಲಿಂದಲೇ ಫೋನು ಮಾಡಿ ಜಗಳವಾಡಿದರು,
ನನ್ನ ಬಿಲ್ಲಿನಲ್ಲಿ ಇನ್ನೂರು ಕಡಿದರು.
ಚಾರ್ಜರಿನ ತುದಿಗೆ ಹಾಲಿನ ತೊಟ್ಟೆ ಸುತ್ತಿ ರಬ್ಬರು ಹಾಕಿದರು.

ಸೈನು ಕೇಳಿದೆ. ಸೈನು ಹಾಕಲಿಲ್ಲ,
ಹೆಸರು ಬರೆದರು, ಪೂರ್ತಿ,
ಒಂದೊಂದೇ ಅಕ್ಷರ ಅದುಮಿ.

ಮರುದಿನ ಪ್ರಿಂಟರಿನವನಿಗೆ ರಶೀದಿ ಬರೆಯುವಾಗ
ಖಾಲಿ ಹಾಳೆಯಲ್ಲಿ ಎರಡು ಸಲ
ಪೆನ್ನು ಎಡವಿತು.